ವಾಪಸ್ ಬಂದ ಚೀಲಗಳು

ನಮ್ಮ ಅತ್ತಿಗೆ ಹೊಲಿಗೆ ಮೆಷಿನ್ ಮಾರಲು ಹೊರಟಾಗ ಬೀದಿಗೆ ಬೀದಿಯೇ ಮೂಗಿನ ಮೇಲೆ ಬೆರಳಿಟ್ಟಿತು. ಮಕ್ಕಳ ಶಾಲೆಯ ಸಮವಸ್ತ್ರ, ಕಿಟಕಿಯ ಪರದೆ, ಹರಿದ ಪ್ಯಾಂಟು, ಎಲ್ಲವೂ ಅವಳ ಕೈಯಿಂದಲೇ ಹೊಲಿಸಿಕೊಂಡ ಬೀದಿ ಇದು. ಅಳತೆ ತಪ್ಪಿದ್ದು ಯಾರಿಗೂ ನೆನಪಿಲ್ಲ. ಅಂಥವಳು "ನನ್ನ ಕೈಗೆ ಹೊಲಿಗೆ ಒಗ್ಗಲಿಲ್ಲ ಬಿಡು" ಎನ್ನುತ್ತಿದ್ದಳು.

ಆದದ್ದು ಇಷ್ಟು. ಅವಳ ಫೋನಿಗೆ ಒಂದು ಜಾಹೀರಾತು ಬಂತು. ಮನೆಯಲ್ಲೇ ಕೂತು ಮಕ್ಕಳ ಫ್ರಾಕ್ ಹೊಲಿಯಿರಿ, ಹೊಲಿದದ್ದೆಲ್ಲ ನಾವೇ ಕೊಳ್ಳುತ್ತೇವೆ, ಬಟ್ಟೆಗೆ ಮುಂಗಡ ಕಟ್ಟಿದರೆ ಸಾಕು. ಅತ್ತಿಗೆ ಕಿವಿಯೋಲೆ ಒತ್ತೆಯಿಟ್ಟು ಕಟ್ಟಿದಳು. ಬಟ್ಟೆಯೇನೋ ಬಂತು. ಹೊಲಿದು, ಇಸ್ತ್ರಿ ಹಾಕಿ, ಚೀಲಕ್ಕೆ ತುಂಬಿ ಕಳಿಸಿದಳು. ಕೆಲವು ದಿನಕ್ಕೆ ಚೀಲ ವಾಪಸ್ ಬಂತು. ಹಿಂದೆಯೇ ಫೋನು.

"ಹೊಲಿಗೆ ಸೊಟ್ಟ ಇದೆ ಮೇಡಂ, ಒಂದೂ ಪಾಸಾಗಲಿಲ್ಲ. ಟ್ರೈನಿಂಗ್ ಫೀಸು ಕಟ್ಟಿ, ಇನ್ನೊಂದು ಅವಕಾಶ ಕೊಡ್ತೀವಿ."

ಕಟ್ಟಿದಳು. ಮತ್ತೆ ಬಟ್ಟೆ ಬಂತು, ಹೊಲಿದು ಕಳಿಸಿದ ಎರಡನೆಯ ಚೀಲವೂ ವಾಪಸ್. ನಾಚಿಕೆಯಿಂದ ಅವಳು ಚೀಲಗಳ ಕಡೆ ತಿರುಗಿಯೂ ನೋಡದೆ ಮಂಚದ ಕೆಳಗೆ ತಳ್ಳಿದಳು.

ನಮ್ಮಣ್ಣ ಗಾಯದ ಮೇಲೆ ಉಪ್ಪು ಸುರಿದ. "ಬೀದಿ ಹೊಲಿಗೆ ಬೇರೆ, ಕಂಪನಿ ಹೊಲಿಗೆ ಬೇರೆ ಕಣೇ. ಮೆಷಿನ್ ಮಾರಿ ಓಲೆ ಬಿಡಿಸ್ಕೋ."

ಕೊಳ್ಳುವವನು ಮರುದಿನ ಬರುವವನಿದ್ದ. ಸುದ್ದಿ ಕೇಳಿ ಸಂಜೆ ಎದುರುಮನೆಯ ತಪ್ಪಕ್ಕ ಬಂದಳು. ಬಟ್ಟೆ ಕಾರ್ಖಾನೆಯಲ್ಲಿ ಅವಳದು ಚೆಕಿಂಗ್ ಕೆಲಸ. ದಿನವಿಡೀ ಅಂಗಿಗಳಲ್ಲಿ ತಪ್ಪು ಹುಡುಕುತ್ತಾಳೆಂದು ಬೀದಿ ಆ ಹೆಸರಿಟ್ಟಿದೆ. ಮನೆಯಲ್ಲೂ ಅದೇ ಕೆಲಸ ಎಂದು ಅವಳ ಗಂಡ ಗೊಣಗುತ್ತಾನೆ.

"ಸೊಟ್ಟ ಹೊಲಿಗೆ ಅಂದ್ರಾ? ನಿನ್ನದಾ? ಎಲ್ಲಿ, ತೋರಿಸು."

"ಬೇಡ ಅಕ್ಕ. ಇರೋ ಮಾನ ಆದ್ರೂ ಇರ್ಲಿ."

"ನನ್ನ ಮುಂದೆ ಎಂಥ ಮಾನ? ಎಳಿ ಈಚೆ."

ನಾನೇ ಎಳೆದೆ. ಬಿಚ್ಚಲು ಬಗ್ಗಿದ ತಪ್ಪಕ್ಕ ಚೀಲದ ಬಾಯಿ ನೋಡುತ್ತ ಹಾಗೇ ನಿಂತಳು.

"ಈ ಬಾಯಿ ಹೊಲಿದಿದ್ದು ಯಾರು?"

"ನಾನೇ. ದಾರೀಲಿ ಬಿಚ್ಚಿ ಹೋಗದಿರಲಿ ಅಂತ ಕೆಂಪು ದಾರ ಹಾಕಿದೆ."

"ಗಂಟು ನೋಡು."

ಅತ್ತಿಗೆ ನೋಡಿದಳು. ಗಂಟು ಅವಳದೇ. ದಾರದ ಒಂದು ಎಳೆಯನ್ನೂ ಯಾರೂ ಕತ್ತರಿಸಿರಲಿಲ್ಲ. ಇನ್ನೊಂದು ಚೀಲವೂ ಹಾಗೇ.

"ಚೀಲ ಬಿಚ್ಚದೆ ಒಳಗಿನ ಹೊಲಿಗೆ ಸೊಟ್ಟ ಅಂತ ಅವರಿಗೆ ಹೇಗೆ ಗೊತ್ತಾಯ್ತು?" ಎಂದಳು ತಪ್ಪಕ್ಕ.

ಅಣ್ಣ ಬಿಡಲಿಲ್ಲ. "ಮೋಸಗಾರರಾದ್ರೆ ಬಟ್ಟೆ ಯಾಕೆ ಕಳಿಸ್ತಿದ್ರು?"

"ಎರೆಹುಳ ಸಿಕ್ಕಿಸದೆ ಗಾಳಕ್ಕೆ ಮೀನು ಬೀಳುತ್ತೇನಪ್ಪ? ನಾವೂ ಮನೆಗೆ ಕೆಲಸ ಕೊಡ್ತೀವಿ. ಬಟ್ಟೆಗೆ, ಕಲಿಸೋದಕ್ಕೆ ಒಂದು ಕಾಸೂ ಕೇಳಲ್ಲ. ಪೀಸಿಗೆ ಇಷ್ಟು ಕೂಲಿ ಅಂತ ಮೊದಲೇ ಬರೆದು ಕೊಡ್ತೀವಿ. ತಪ್ಪಿದ್ರೆ ತಪ್ಪಿರೋ ಜಾಗಕ್ಕೇ ಗುರುತು ಅಂಟಿಸಿ ಕಳಿಸ್ತೀವಿ. ಬಂದು ನೋಡೋಕೆ ನಮಗೊಂದು ಬಾಗಿಲಿದೆ, ಕೂಲಿ ತಗೊಂಡ ಹೆಂಗಸರಿದ್ದಾರೆ. ಇವರ ಬಾಗಿಲು ಎಲ್ಲಿದೆ?"

ಯಾರಿಗೂ ಗೊತ್ತಿರಲಿಲ್ಲ. ಚೀಲ ಹೋಗುತ್ತಿದ್ದದ್ದು ಯಾವುದೋ ಊರಿನ ಕೊರಿಯರ್ ಆಫೀಸಿಗೆ. ಉಳಿದದ್ದೆಲ್ಲ ಬರೀ ಫೋನ್ ನಂಬರು.

ತಪ್ಪಕ್ಕ ದಾರ ಕತ್ತರಿಸಿ ಒಂದೊಂದು ಫ್ರಾಕನ್ನೂ ತಿರುವಿ, ಬೆಳಕಿಗೆ ಹಿಡಿದು ನೋಡಿದಳು. "ಒಂದು ತಪ್ಪೂ ಇಲ್ಲ ಕಣೇ" ಎಂದಳು.

ಆಗ ಅತ್ತಿಗೆ ಅತ್ತಳು. "ದುಡ್ಡು ಹೋದ್ರೆ ಹೋಗ್ಲಿ. ಇಷ್ಟು ದಿನ ನನ್ನ ಕೈಗೇ ಶಾಪ ಹಾಕ್ಕೊಂಡೆನಲ್ಲ ಅಕ್ಕ."

ಅಣ್ಣ ಎದ್ದು ಹೊರಗೆ ಹೋಗಿ, ಮೆಷಿನ್ ಮಾರುವುದಿಲ್ಲ ಎಂದು ಕೊಳ್ಳುವವನಿಗೆ ಫೋನ್ ಮಾಡಿದ.

ಓಲೆ ಇನ್ನೂ ಮನೆಗೆ ಬಂದಿಲ್ಲ. ಪೊಲೀಸರು ದೂರು ಬರೆದುಕೊಂಡರು. ಹಣ ಕಟ್ಟಿದ ಕೂಡಲೇ ಬಂದಿದ್ದರೆ ತಡೆಯಲು ನೋಡಬಹುದಿತ್ತು ಎಂದರು ಬ್ಯಾಂಕಿನವರು. ಆ ನಂಬರು ಸ್ವಿಚ್ ಆಫ್. ಈಗ ಅತ್ತಿಗೆ ತಪ್ಪಕ್ಕನ ಕಾರ್ಖಾನೆಗೆ ಮನೆಯಿಂದಲೇ ಹೊಲಿಯುತ್ತಾಳೆ. ಕೂಲಿ ಕಡಿಮೆ, ಆದರೆ ಹೇಳಿದ ದಿನ ಕೈಗೆ ಬರುತ್ತದೆ. ಆದರೂ ಒಂದೊಂದು ಅಂಗಿ ಮುಗಿದಾಗಲೂ "ಸರಿ ಇದೆಯಾ?" ಎಂದು ನನ್ನನ್ನು ಕೇಳುತ್ತಾಳೆ, ಸೂಜಿಗೆ ದಾರ ಪೋಣಿಸಲೂ ಬಾರದ ನನ್ನನ್ನು! ಹಣ ಕದ್ದದ್ದಕ್ಕೆ ದೂರು ಕೊಡಬಹುದು, ಇದಕ್ಕೆ ಯಾವ ಠಾಣೆಗೆ ಹೋಗೋಣ?

ಅಕ್ಕಂದಿರೇ, ತಂಗಿಯರೇ, ಮನೆಯಲ್ಲೇ ಕೂತು ದುಡಿಯುವ ಆಸೆ ತಪ್ಪಲ್ಲ. ಆದರೆ ಕೆಲಸ ಕೊಡುವವರೇ ನಿಮ್ಮಿಂದ ಹಣ ಕೇಳಿದರೆ ಅಲ್ಲಿಗೇ ಫೋನ್ ಇಟ್ಟುಬಿಡಿ. ಅವರ ಜಾಗ ಎಲ್ಲಿದೆ, ಅವರಿಂದ ಕೂಲಿ ಪಡೆದವರು ಯಾರು, ಬಾಯಿಬಿಟ್ಟು ಕೇಳಿ. ಮೋಸ ಹೋಗಿದ್ದರೆ ಅದೇ ದಿನ ಬ್ಯಾಂಕಿಗೂ ಪೊಲೀಸರಿಗೂ ತಿಳಿಸಿ, ಮನೆಯಲ್ಲೂ ಹೇಳಿ. ಮನೆಯವರೇ, ಹೇಳಲು ಬಂದವಳನ್ನು ದಯವಿಟ್ಟು ಬೈಯಬೇಡಿ. ಕಳ್ಳ ಆಗಲೇ ಅವಳನ್ನು ಸಾಕಷ್ಟು ಬೈದಿರುತ್ತಾನೆ.