ಗಂಡು ಪಳ್ಳತ್ತಿಯನ್ನು ಹೊರಗೆ ಹಾಕಿದ್ದು

ನಮ್ಮ ಹಿನ್ನೀರಿನ ದಂಡೆಯಲ್ಲಿ ಪಳ್ಳತ್ತಿ ಮೀನಿಗೆ ಯಾರೂ ಮರ್ಯಾದೆ ಕೊಡುವುದಿಲ್ಲ. ಬೆರಳುದ್ದದ ಹಳದಿ ಮೀನು. ಖಾರ ಸವರಿ, ತಲೆಸಮೇತ ಗರಿಗರಿಯಾಗಿ ಹುರಿದು, ಗಂಜಿಯ ಜೊತೆ ಕಡಿಯುವುದಷ್ಟೇ ನಮಗೆ ಗೊತ್ತು. ಅದನ್ನು ಗಾಜಿನ ತೊಟ್ಟಿಯಲ್ಲಿಟ್ಟು, ಬಾವಿ ನೀರಿಗೆ ಹಿನ್ನೀರಿನ ಉಪ್ಪುನೀರು ಬೆರೆಸಿ ಸಾಕುವವನು ಸುಧೀಶನೊಬ್ಬನೇ. ಬೋಟಿನಲ್ಲಿ ಟಿಕೆಟ್ ಕೊಡುವವನು, ಪಕ್ಕದ ಮನೆಯ ಕಾರ್ತ್ಯಾಯನಿ ಚೇಚಿಯ, ಅಂದರೆ ಕಾರ್ತ್ಯಾಯನಿ ಅಕ್ಕನ, ಅಳಿಯ.

ಚೇಚಿಯೂ ನಾನೂ ಒಂದೇ ಶೆಡ್ಡಿನಲ್ಲಿ ಸಿಗಡಿ ಸುಲಿಯುತ್ತೇವೆ. ಅವಳ ಮಗಳು ಷೀಜ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಹುಟ್ಟಿದ ಮಗುವಿನಲ್ಲಿ ಉಸಿರಿರಲಿಲ್ಲ. ಮಾರನೆಯ ದಿನ ಸುಧೀಶ ಬಂದು, ತೊಟ್ಟಿಲನ್ನೂ ಹೊಲಿಸಿಟ್ಟಿದ್ದ ಪುಟ್ಟ ಬಟ್ಟೆಗಳನ್ನೂ ಹೊತ್ತುಕೊಂಡು, ಒಂದು ಮಾತೂ ಆಡದೆ ಬೋಟು ಹತ್ತಿದ. ಚೇಚಿಯ ಮೈಯೆಲ್ಲ ಉರಿಯಿತು.

"ಅವನಿಗೆ ಕರುಳು ಅನ್ನೋದು ಇದೆಯಾ ತಂಗಮಣಿ? ಇನ್ನು ಈ ಕಡೆ ತಲೆ ಹಾಕಬೇಡ ಅಂತ ಹೇಳಿ ಬಂದೆ" ಎಂದಳು ನನ್ನ ಹತ್ತಿರ. ಹೇಳಿದ್ದೆಂಥದ್ದು, ಬೋಟು ನಿಲ್ಲುವ ಜೆಟ್ಟಿಯಲ್ಲಿ ಊರಿಗೆಲ್ಲ ಕೇಳುವಂತೆ ಅರಚಿದ್ದಳು.

ಷೀಜ ಗೋಡೆಯ ಕಡೆ ಮುಖ ಮಾಡಿ ಮಲಗಿದವಳು ಹಾಗೇ ಉಳಿದಳು. ಕರೆದರೆ ಮಾತಿಲ್ಲ, ಬಡಿಸಿದರೆ ಊಟವಿಲ್ಲ. ಸುಧೀಶ ಪಾಪ, ಬರಬೇಡವೆಂದದ್ದಕ್ಕೆ ಬರಲಿಲ್ಲ. ತನ್ನ ಮೀನಿನ ತೊಟ್ಟಿಯನ್ನು ಬೋಟಿನವರ ಕೈಯಲ್ಲಿ ಕಳಿಸಿದ. ಮರಳು, ಒಡೆದ ಮಡಕೆಯ ಚೂರು, ಒಂದು ಜೋಡಿ ಪಳ್ಳತ್ತಿ.

"ಹೆಂಡತಿಗೆ ಹಣ್ಣು ಕಳಿಸೋರನ್ನ ನೋಡಿದೀನಿ. ಇವನು ಪಳ್ಳತ್ತಿ ಕಳಿಸ್ತಾನೆ, ಅದೂ ಹುರೀದೆ!" ಎಂದು ಚೇಚಿ ಮೂತಿ ತಿರುವಿದಳು.

ಆದರೆ ಷೀಜ ಎದ್ದು ಬಂದು ತೊಟ್ಟಿಯ ಮುಂದೆ ಕೂತಳು. ಮರುದಿನವೂ ಕೂತಳು. ಮಡಕೆ ಚೂರಿನ ಮೇಲೆ ಮೊಟ್ಟೆ ಕಾಣಿಸಿಕೊಂಡ ದಿನ ತಾನೇ ಬಗ್ಗಿಸಿಕೊಂಡು ಎರಡು ಗುಟುಕು ಗಂಜಿ ಕುಡಿದಳಂತೆ. ಅಲ್ಲಿಂದ ಚೇಚಿಗೆ ಆ ಮೊಟ್ಟೆಗಳೇ ದೇವರಾದವು.

"ಇವೂ ಹೋದ್ರೆ ನನ್ನ ಮಗಳು ಉಳಿಯಲ್ಲ ಕಣೇ" ಎನ್ನುವಳು. ನನಗೂ ಹಾಗೇ ಭಯವಿತ್ತು.

ಮೊಟ್ಟೆಯೊಡೆದು ಮರಿಗಳು ಮಡಕೆ ಚೂರಿನ ಮೇಲೆ ಮಿಸುಕಾಡತೊಡಗಿದ ಬೆಳಿಗ್ಗೆ ಷೀಜ ಸ್ನಾನಕ್ಕೆ ಹೋಗಿದ್ದಳು. ನಾವಿಬ್ಬರೂ ಕಾವಲು. ಗಂಡು ಮೀನು ಮೆಲ್ಲಗೆ ಬಂದು ಬಾಯಿ ತೆರೆದು ಒಂದಿಷ್ಟು ಮರಿಗಳನ್ನು ಒಳಗೆಳೆದುಕೊಂಡಿತು.

"ಅಯ್ಯೋ, ತಿಂತಾ ಇದಾನೆ! ಹುಟ್ಟಿಸಿದವನೇ ತಿಂತಾ ಇದಾನೆ ನೋಡೇ!"

ಅನ್ನ ಬಸಿಯುವ ಜಾಲರಿ ತಂದು ಚೇಚಿ ಅದನ್ನು ಎತ್ತಿ ಬಾವಿ ನೀರಿನ ಬಕೆಟ್ಟಿಗೆ ಎಸೆದಳು. ನಾನೇಕೆ ತಡೆಯಲಿ? ನನ್ನ ಕಣ್ಣಿಗೂ ಅದು ತಿಂದಂತೆಯೇ ಕಂಡಿತ್ತು. ಒಂಟಿಯಾದ ಹೆಣ್ಣು ಮಾತ್ರ ದಿಕ್ಕೆಟ್ಟು ಓಡಾಡತೊಡಗಿತು. ಮಡಕೆ ಚೂರಿಗೆ ಹೋದರೆ ಮರಳಿಗೆ ಬಿದ್ದ ಮರಿಗಳು ಅನಾಥ, ಮರಳಿಗೆ ಇಳಿದರೆ ಚೂರಿನ ಮೇಲಿನವು ಅನಾಥ.

ಒದ್ದೆ ಕೂದಲಲ್ಲೇ ಬಂದ ಷೀಜ ತೊಟ್ಟಿ ನೋಡಿದಳು, ಬಕೆಟ್ ನೋಡಿದಳು.

"ಯಾರು ತೆಗೆದದ್ದು ಇದನ್ನ?"

"ಮರಿ ತಿಂತಿತ್ತು ಮಗಳೇ, ಅದಕ್ಕೇ..."

"ತಿನ್ನಲ್ಲಮ್ಮಾ ಅದು! ಬಾಯಲ್ಲಿಟ್ಕೊಂಡು ಮರಳಿನ ಗುಂಡಿಗೆ ಸಾಗಿಸುತ್ತೆ!" ತಿಂಗಳುಗಟ್ಟಲೆ ಮುಚ್ಚಿದ್ದ ಬಾಯಿ ಅದು, ದನಿ ಒಡೆದು ಹೋಯಿತು. "ಒಂದು ಗಳಿಗೆ ಕಾದು ನೋಡೋಕಾಗಲ್ವಾ ನಿಂಗೆ? ಅಪ್ಪ ಅನ್ನೋನನ್ನ ಕಂಡ್ರೆ ಹೊರಗೆ ಹಾಕೋದೊಂದೇ ಗೊತ್ತು!"

"ನಾನು ಯಾರನ್ನೇ..."

"ತೊಟ್ಟಿಲು ತಗೊಂಡು ಹೋಗಿ ಅಂದಿದ್ದು ನಾನು! ನನ್ನ ಕೈಲಿ ಅದನ್ನ ನೋಡೋಕಾಗ್ತಿರಲಿಲ್ಲ. ನನಗೋಸ್ಕರ ಅವರೊಬ್ಬರೇ ಹೊತ್ಕೊಂಡು ಹೋದ್ರು. ನೀನು ಜೆಟ್ಟೀಲಿ ಕೂಗಿದ್ದು ಇಲ್ಲಿ ಮಲಗಿದ್ದ ನಂಗೂ ಕೇಳಿಸ್ತು. ಎದ್ದು ಬಂದು ಹೇಳೋಕೆ ಮೈಯಲ್ಲಿ ಜೀವ ಇರಲಿಲ್ಲ ಅಷ್ಟೇ."

ಚೇಚಿ ಜಾಲರಿಯನ್ನು ಕೆಳಗಿಟ್ಟು ಬಕೆಟ್ಟನ್ನು ಮಗಳ ಮುಂದಕ್ಕೆ ತಳ್ಳಿದಳು.

ಷೀಜ ಬೊಗಸೆಯಲ್ಲಿ ಗಂಡು ಮೀನನ್ನು ಎತ್ತಿ ತೊಟ್ಟಿಗೆ ಬಿಟ್ಟಳು. ಬಣ್ಣಗೆಟ್ಟು ಮೂಲೆಯಲ್ಲಿ ಬಹಳ ಹೊತ್ತು ಬಿದ್ದಿತ್ತು. ಆಮೇಲೆ ಮೇಲೆದ್ದು, ಮಡಕೆ ಚೂರಿನ ಹತ್ತಿರ ಹೋಗಿ ಬಾಯಿ ತುಂಬಿಕೊಂಡು, ಮರಳಿನ ಗುಂಡಿಯ ಬಳಿ ಬಂದು ಉಗುಳಿತು. ಎಲ್ಲ ಮರಿಗಳೂ ಮಿಸುಕುತ್ತಿದ್ದವು. ಮೂವರೂ ಗಾಜಿಗೆ ಮೂಗು ತಾಗಿಸಿ ನೋಡುತ್ತಿದ್ದೆವು.

ಚೇಚಿ ಮಗಳ ಫೋನೆತ್ತಿಕೊಂಡು ಅಂಗಳಕ್ಕೆ ಹೋದಳು. ನಾನೂ ಹಿಂದೆಯೇ ಹೋದೆ. ಇಂಥದ್ದನ್ನು ಕೇಳದೆ ಬಿಡುವವಳಲ್ಲ ನಾನು.

"ಸುಧೀಶಾ, ನಾನು. ಮುಂದಿನ ಬೋಟಿಗೇ ಹೊರಟು ಬಾ."

ಮೀನು ಸತ್ತವೇ ಎಂದು ಅವನು ಕೇಳಿರಬೇಕು.

"ಮೀನಿಗೇನೂ ಆಗಿಲ್ಲ. ಷೀಜ... ಷೀಜ ನನ್ನನ್ನ ಬೈದ್ಲು ಕಣಪ್ಪಾ. ಬಾಯಿ ತುಂಬ ಬೈದ್ಲು" ಎಂದವಳೇ ಅಂಗಳದಲ್ಲಿ ನಿಂತು ಗಳಗಳನೆ ಅತ್ತುಬಿಟ್ಟಳು.