ಸೆಲೆಯಿಲ್ಲದ ಬಾವಿ

ಡೀಸೆಲ್ ದರ ಏರಿದ ದಿನ ಶಿರಗುಪ್ಪಿಯ ಪಾರಿಸನ ಮನೆಯಲ್ಲಿ ಯಾರೂ ಅವನ ಮುಂದೆ ಬಾಯಿ ಬಿಡುತ್ತಿರಲಿಲ್ಲ. ಕರೆಂಟಿನ ಕಂಬ ಅವನ ಹೊಲದ ತನಕ ಬಂದಿಲ್ಲ. ಬಾವಿಯ ನೀರು ಕಬ್ಬಿಗೆ ಹಾಯಬೇಕೆಂದರೆ ಮೂವತ್ತು ವರ್ಷದ ಹಳೆಯ ಡೀಸೆಲ್ ಇಂಜಿನ್ನೇ ಗತಿ. ಈ ಸಲ ಅದರ ಹೊಟ್ಟೆ ತುಂಬಿಸಲಾಗದೆ ಅರ್ಧ ಎಕರೆ ಕಬ್ಬು ಬಾಡಿತ್ತು.

ಸೊಸೆ ಪೂನಮ ಮಹಿಳಾ ಸಂಘದ ಸಭೆಯಲ್ಲಿ ಸೌರ ಪಂಪಿನ ಮಾಹಿತಿ ಕೇಳಿ ಅರ್ಜಿ ತಂದಿದ್ದಳು. ಮಾವನ ಸಹಿ ಬೇಕು. ಮಾವ ಪೆನ್ನು ಮುಟ್ಟಲು ತಯಾರಿಲ್ಲ.

ಕಾರಣ ಎಲ್ಲರಿಗೂ ಗೊತ್ತಿತ್ತು. ಹೆಂಡತಿ ಲಕ್ಷ್ಮಿಬಾಯಿ ಬದುಕಿದ್ದಾಗ ಮನೆಯಲ್ಲಿ ಕೂತೇ ಇಂಜಿನ್ನಿನ ಸದ್ದು ಕೇಳುತ್ತಿದ್ದಳು. ಸದ್ದು ನಿಂತಿತೆಂದರೆ ಗಂಡ ಮನೆಗೆ ಹೊರಟ ಅಂತಲೇ. ಹೊತ್ತು ಮುಳುಗಿದ ಮೇಲೆ ಉಣ್ಣದ ಜೈನರ ಮನೆ ಅದು. ಅವನು ಕಾಲು ತೊಳೆಯುವುದರೊಳಗೆ ಬಿಸಿ ರೊಟ್ಟಿ ತಟ್ಟೆಗೆ ಬೀಳುತ್ತಿತ್ತು. ಆಕೆ ಹೋಗಿ ಮೂರು ವರ್ಷವಾಯಿತು. ಈಗಲೂ ಇಂಜಿನ್ ನಿಲ್ಲಿಸುವಾಗ ಪಾರಿಸನಿಗೆ ಆಕೆ ಒಲೆಯ ಮುಂದೆ ಕೂತಿದ್ದಾಳೆ ಅನ್ನಿಸುತ್ತದೆ. ಆ ಒಂದು ಗಳಿಗೆಗಾಗಿಯೇ ಅವನು ಡೀಸೆಲ್ ಸುಡುತ್ತಿದ್ದ ಎಂದರೂ ತಪ್ಪಿಲ್ಲ.

ಆದರೆ ಹಾಗೆಂದು ಸೊಸೆಯ ಮುಂದೆ ಹೇಳಲಾದೀತೇ?

“ದರ ಇವತ್ತ ಏರತೈತಿ, ನಾಳೆ ಇಳೀತೈತಿ,” ಎಂದ. “ಅರಬ ದೇಶದಾಗ ಎಣ್ಣಿ ಬಾವಿ ಅದಾವಲ್ಲ? ಬಾವಿ ಅಂದ ಮ್ಯಾಲ ಸೆಲಿ ಇರತೈತಿ. ಮಳಿ ಆದ್ರ ತುಂಬತೈತಿ.”

ಪೂನಮ ನಗಲಿಲ್ಲ. ಪೇಪರಿನವರು ತೈಲ ಬಾವಿ ಎಂದು ಬರೆದರೆ, ಸ್ವಂತ ಕೈಯಿಂದ ಬಾವಿ ತೋಡಿದ ರೈತ ಮತ್ತೇನು ತಿಳಿದಾನು?

“ಅದಕ್ಕ ಸೆಲಿ ಇಲ್ರಿ ಮಾವಾರ. ಕೋಟಿಗಟ್ಟಲೆ ವರ್ಷದ ಹಿಂದ ನೆಲದಾಗ ಕೂಡಿದ್ದು. ತಗದಷ್ಟೂ ಕಡಿಮಿ ಆಗೂದ. ನಿಮ್ಮ ಅಜ್ಜಾರು ಜ್ವಾಳ ತುಂಬಿಡೂ ಹಗೇವು ಇತ್ತಂತಲ್ಲ ನೆಲದಾಗ, ಅದರಾಗಿಂದ ಹೆಂಗ ತಗೀತಿದ್ರಿ?”

ಹಗೇವಿನ ಮಾತು ಬಂದದ್ದೇ ಪಾರಿಸನ ಮುಖ ಅರಳಿತು.

“ಮೊದಲ ಮ್ಯಾಲಿಂದು ಬುಟ್ಟೀಲೆ ತುಂಬಕೊಳ್ಳೂದು, ಏನೂ ತ್ರಾಸ ಇಲ್ಲ. ಅರ್ಧಕ್ಕ ಬಂತಂದ್ರ ನಿಚ್ಚಣಿಕಿ ಬೇಕು. ಒಳಗ ಇಳ್ಯಾವ ಒಬ್ಬ, ಹಗ್ಗ ಜಗ್ಗಾವ್ರು ಇಬ್ಬರು. ತಳದ್ದಂತೂ ಕೇಳಬ್ಯಾಡ. ಮುಗ್ಗಲ ಹಿಡದ ಒಂದ ಚೀಲ ಜ್ವಾಳಕ್ಕ ಮೂರ ಮಂದೀದು ದಿನದ ಕೂಲಿ...”

ತಾನೇನು ಹೇಳಿದೆನೆಂದು ಅವನಿಗೇ ಹೊಳೆಯಿತು.

“ಎಣ್ಣೀದೂ ಹಂಗರಿ,” ಎಂದಳು ಪೂನಮ. “ಸುಲಭದ್ದು ಮೊದಲ ತಗದಾರ. ಈಗ ಸಮುದ್ರದ ತಳಾನೂ ಕೊರ್ಯಾಕತ್ತಾರ. ಖಾಲಿ ಆಗೂ ಮೊದಲ ತುಟ್ಟಿ ಆಗತೈತಿ. ನಡುವ ಒಂದೊಂದ ವರ್ಷ ಇಳದೀತು, ಖರೆ. ಅದನ್ನ ನಂಬಿ ಕಬ್ಬು ಹಚ್ಚಾಕ ಆಗತೈತೇನ್ರಿ? ಟ್ರ್ಯಾಕ್ಟರ್ ಬಾಡಿಗಿ, ಗೊಬ್ಬರ, ಬಸ್ ಚಾರ್ಜು, ಎಲ್ಲಾ ಅದರ ಬೆನ್ನ ಹಿಂದ ಬರ್ತಾವ.”

ಪಾರಿಸ ಅರ್ಜಿಯ ಕಡೆ ನೋಡಿದ.

“ಆ ಪಂಪಿಗೆ ಸಪ್ಪಳ ಇರತೈತೇನ?”

“ಇರಂಗಿಲ್ರಿ.”

“ಹಂಗಾದ್ರ ನಾ ಹೊಂಟದ್ದು ಆಕಿಗೆ ಹೆಂಗ...”

ಪೂನಮಳಿಗೂ ಅತ್ತೆ ನೆನಪಾದಳು.

“ನೀವು ಹೊತ್ತಿಗೆ ಉಣ್ಲಿ ಅಂತ ಅತ್ತೀಯವ್ರು ಆ ಸಪ್ಪಳ ಕೇಳ್ತಿದ್ರು. ಈಗ ನೀವು ಡೀಸೆಲ್ ಹುಡುಕಿ ತಂದು, ನೀರು ಹಾಯ್ಸಿ ಬರೂದರಾಗ ಹೊತ್ತು ಮುಳಗತೈತಿ. ವಾರದಾಗ ಮೂರ ದಿನ ಉಪವಾಸ ಮಲಗತೀರಿ. ಅವರ ಇದ್ದಿದ್ರ ಸುಮ್ನ ಬಿಡ್ತಿದ್ರೇನ್ರಿ?”

“ಬಿಡ್ತಿರಲಿಲ್ಲವ್ವ,” ಎಂದ ಪಾರಿಸ. ಅರ್ಜಿ ಎಳೆದುಕೊಂಡು ಸಹಿ ಹಾಕಿದ.

ಮಳೆಗಾಲ ಕಳೆದ ಮೇಲೆ ಪಂಪು ಬಂತು. ಮೊದಲ ದಿನ ಕಾಲುವೆ ತುಂಬ ನೀರು ಹರಿದರೂ ಪಾರಿಸನಿಗೆ ಹೊಲ ಬಿಕೋ ಎಂದಿತು. ಬಿಸಿಲು ಇಳಿದಂತೆ ಪಂಪು ತಾನಾಗಿ ನಿಂತಿತು. ಮನೆಗೆ ಬಂದು ಬೆಳಕಿರುವಾಗಲೇ ಉಂಡ. “ಹೊತ್ತಿಗೆ ಉಂಡೆ ನೋಡ,” ಎಂದು ಮೆಲ್ಲಗೆ ಹೇಳಿದ. ತನಗೆ ಹೇಳಿದ್ದಲ್ಲವೆಂದು ತಿಳಿದ ಪೂನಮ ಇನ್ನೊಂದು ರೊಟ್ಟಿ ಬಡಿಸಿದಳು.

ಇದನ್ನು ಓದಿದ ಅಣ್ಣ, ಅಕ್ಕ, ನಿಮ್ಮ ಡೀಸೆಲ್ ಕ್ಯಾನಿನಲ್ಲಿರುವುದೂ ತಳ ಕಾಣುತ್ತಿರುವ ಹಗೇವಿನ ಮಾಲೇ. ಡೀಸೆಲ್ ಮುಟ್ಟಲೇಬೇಡಿ ಎನ್ನುತ್ತಿಲ್ಲ. ಅದೊಂದನ್ನೇ ನಂಬಿ ಕೂರಬೇಡಿ. ಅಕ್ಕಪಕ್ಕದ ಹೊಲದವರು ಮಾತಾಡಿಕೊಂಡು ಒಂದೇ ಸಲ ಟ್ರ್ಯಾಕ್ಟರ್ ಕರೆಯಿರಿ. ಕಬ್ಬಿಗೆ ಹನಿ ನೀರಾವರಿ, ಬಾವಿಗೆ ಸೌರ ಪಂಪು ಸಿಗುವುದೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಪಾರಿಸ ತಡ ಮಾಡಿದ. ನಿಮ್ಮ ದಾರಿ ಕಾಯುವವರು ಮನೆಯಲ್ಲಿರುವಾಗಲೇ ನೀವು ಆ ಕೇಂದ್ರಕ್ಕೆ ಹೋಗಿ ಬನ್ನಿ.