ಕೊಟ್ಟ ಜಡೆ

ಲಾಂಡ್ರಿಯಲ್ಲಿ ಎಲ್ಲರೂ ಅವಳನ್ನು ಜಡೆಯಕ್ಕ ಎಂದೇ ಕರೆಯುತ್ತಿದ್ದರು. ಮಂಡಿ ಮುಟ್ಟುವ ಜಡೆ. ಕೆಲಸದ ಹೊತ್ತಿನಲ್ಲಿ ಅದನ್ನು ಸುರುಳಿ ಸುತ್ತಿ, ಮೇಲೊಂದು ಬಟ್ಟೆ ಬಿಗಿದು, ಆಸ್ಪತ್ರೆಯಿಂದ ಬಂದ ಹಾಸಿಗೆಯ ಹೊದಿಕೆಗಳನ್ನು ಒಂದೊಂದಾಗಿ ಉಗಿಯ ಇಸ್ತ್ರಿ ಯಂತ್ರಕ್ಕೆ ಕೊಡುತ್ತಿದ್ದಳು. ಪಕ್ಕದಲ್ಲಿ ಬಟ್ಟೆ ಮಡಚುವವಳು, “ಎರಡೆರಡು ತಲೆ ಹೊತ್ಕೊಂಡು ಹೇಗೆ ಕೆಲಸ ಮಾಡ್ತೀಯೇ ತಾಯಿ?” ಎಂದು ರೇಗಿಸುತ್ತಿದ್ದಳು.

ಜಡೆಯಕ್ಕನ ಮಗಳಿಗೆ ಹುಟ್ಟುವಾಗಲೇ ಹೃದಯದಲ್ಲಿ ಒಂದು ತೂತು ಇತ್ತು. ಅದನ್ನು ಮುಚ್ಚಿಸಿದ ಹಣ ಗಂಡ ಹೆಂಡತಿಯದಲ್ಲ, ಯಾರ್ಯಾರೋ ಕೊಟ್ಟದ್ದು. ಕೊಟ್ಟವರ ಮುಖವನ್ನು ಇವರು ಕಂಡವರಲ್ಲ, ಇವರ ಮುಖವನ್ನು ಅವರೂ ಕಂಡವರಲ್ಲ. ಅಂದಿನಿಂದ ವರ್ಷಕ್ಕೊಮ್ಮೆ, ಮಗಳಿಗೆ ಆಪರೇಷನ್ ಆದ ತಿಂಗಳು ಬಂತೆಂದರೆ, ಜಡೆಯಕ್ಕ ಯಾರಿಗಾದರೂ ಏನಾದರೂ ಕೊಡದೆ ಬಿಡುತ್ತಿರಲಿಲ್ಲ. ಒಂದು ವರ್ಷ ಕಂಬಳಿ ಕೊಟ್ಟಿದ್ದಳು, ಇನ್ನೊಂದು ವರ್ಷ ಅನಾಥಾಲಯದ ಮಕ್ಕಳಿಗೆ ಚಪ್ಪಲಿ.

ಈ ವರ್ಷ ಕೈ ಪೂರ್ತಿ ಕಟ್ಟಿಹಾಕಿದಂತಾಗಿತ್ತು. ಮನೆಗಳಿಗೆ ಬಣ್ಣ ಬಳಿಯುವ ಗಂಡ ಏಣಿಯಿಂದ ಜಾರಿ ಮುಂಗೈ ಮುರಿದುಕೊಂಡು ಕೂತಿದ್ದ. ಲಾಂಡ್ರಿಯಲ್ಲಿ ಪಾಳಿ ಕಡಿಮೆ ಮಾಡಿದ್ದರು.

“ಈ ವರ್ಷ ಬಿಟ್ಟುಬಿಡೇ,” ಎಂದ ಗಂಡ. “ನಾವೇ ಯಾರ ಮುಂದಾದ್ರೂ ಕೈ ಚಾಚೋ ಹಾಗಿದ್ದೀವಿ.”

“ನಮ್ಮ ಮಗು ವಿಷಯದಲ್ಲಿ ಅವರೂ ಹಾಗೇ ಅಂದ್ಕೊಂಡಿದ್ರೆ ಏನ್ರೀ ಮಾಡ್ತಿದ್ವಿ?”

ಮೂಲೆಯಲ್ಲಿ ಬೆಳ್ಳುಳ್ಳಿ ಬಿಡಿಸುತ್ತಿದ್ದ ಅತ್ತೆ ನಕ್ಕರು. ಕಣ್ಣಿಗೆ ಪೊರೆ ಬಂದು ಅವರಿಗೆ ಮನುಷ್ಯರ ನೆರಳಷ್ಟೇ ಕಾಣುತ್ತಿತ್ತು, ಬಾಯಿ ಮಾತ್ರ ಚುರುಕು. “ಕಾಸಿನ ಡಬ್ಬಿ ಖಾಲಿ ಅಂತ ಯಾಕಮ್ಮ ಕೊರಗ್ತೀಯ? ಅಷ್ಟುದ್ದದ ಆಸ್ತಿ ಬೆನ್ನ ಮೇಲೇ ನೇತಾಡ್ತಿದೆ.”

ಅತ್ತೆ ತಮಾಷೆಗೆ ಅಂದದ್ದು. ಸೊಸೆ ಅದನ್ನು ಮನಸ್ಸಿಗೆ ಹಾಕಿಕೊಂಡಳು.

ಆಸ್ಪತ್ರೆಯ ಹಿಂದಿನ ಓಣಿಯಲ್ಲಿ, ಕಾಯಿಲೆಯ ಔಷಧಿಯಿಂದ ಕೂದಲು ಕಳೆದುಕೊಂಡವರಿಗೆ ಬಿಟ್ಟಿಯಾಗಿ ವಿಗ್ ಮಾಡಿಕೊಡುವ ಒಂದು ಕೋಣೆಯಿತ್ತು. ಅಲ್ಲಿನ ವಿಗ್ ಕಟ್ಟುವಾಕೆ ಜಡೆಯನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದಳು. “ಒಂದು ವಿಗ್‌ಗೆ ನಾಕಾರು ಜನರ ಕೂದಲು ಸೇರಿಸ್ತೀವಿ. ನಿಮ್ಮದೊಂದೇ ಸಾಕು. ಆಮೇಲೆ ಅಳಬಾರದು, ಆಯ್ತಾ?” ಕತ್ತರಿ ಎರಡು ಸಲ ಜಾರಿತು. ಮೂರನೆಯ ಸಲ ಕಚ್ಚಿತು. ಜಡೆಯಕ್ಕ ಅಳಲಿಲ್ಲ. ತಲೆ ಹಗುರಾಗಿ, ಬೀದಿಯಲ್ಲಿ ನಡೆಯುವಾಗ ಕಾಲು ನೆಲಕ್ಕೆ ಊರಿದಂತೆಯೇ ಅನಿಸಲಿಲ್ಲ. ಮಗಳು ನೋಡಿ ಬಾಯಿ ಮುಚ್ಚಿಕೊಂಡು ನಕ್ಕಳು. ಗಂಡ ಮುರಿಯದ ಕೈಯಿಂದ ಅವಳ ಬೋಳು ಕತ್ತನ್ನು ಒಮ್ಮೆ ಸವರಿದ.

ಕೆಲವು ವಾರ ಏನೂ ಆಗಲಿಲ್ಲ. ಆಮೇಲೆ ಒಂದು ಬೆಳಿಗ್ಗೆ, ಯಂತ್ರದ ಮುಂದೆ ನಿಂತಿದ್ದಾಗ, ಬೆನ್ನ ಮೇಲೆ ಜಡೆಯ ಭಾರ ಬಂದು ಕೂತಿತು. ಹಳೆಯ ಅಭ್ಯಾಸ, ಮೈ ಇನ್ನೂ ಮರೆತಿಲ್ಲ ಎಂದುಕೊಂಡಳು. ಅಷ್ಟರಲ್ಲಿ ಯಾರೋ ಬಾಚತೊಡಗಿದರು. ಮೊದಲು ತುದಿಯ ಸಿಕ್ಕು, ಆಮೇಲೆ ನಡುವಿನದು, ಕೊನೆಗೆ ಬುಡದಿಂದ ಉದ್ದಕ್ಕೆ. ಬಾಚಣಿಗೆಯ ಹಲ್ಲುಗಳು ನೆತ್ತಿಯ ಮೇಲೆ ಹಾದುಹೋಗುವುದು ಒಂದೊಂದೂ ತಿಳಿಯುತ್ತಿತ್ತು. ಬಾಚುತ್ತಿದ್ದವರದು ಎಡಗೈ. ಜಡೆಯಕ್ಕ ಸರ್ರನೆ ಹಿಂದೆ ತಿರುಗಿದಳು. ಹಿಂದೆ ಬಿಳಿ ಹೊದಿಕೆಗಳ ರಾಶಿ ಬಿಟ್ಟರೆ ಬೇರೇನೂ ಇರಲಿಲ್ಲ.

ಅದು ಪ್ರತಿದಿನವೂ ಆಗತೊಡಗಿತು. ಅವಳು ಯಾರಿಗೂ ಹೇಳಲಿಲ್ಲ. ಹೇಳಿದರೆ ಉಗಿ ತಲೆಗೇರಿದೆ ಎಂದು ನಗುತ್ತಾರೆ. ಆದರೆ ಒಂದು ಸಂಜೆ ಅನ್ನ ಬಡಿಸಿ ಏಳುವಾಗ ಅತ್ತೆ ಅವಳ ಬೆನ್ನು ಹಿಡಿದು ಎದ್ದು ನಿಂತರು. ಕೈ ತಟ್ಟನೆ ನಿಂತಿತು.

“ಏನಮ್ಮ, ಜಡೆ ಇಷ್ಟೊಂದು ಒದ್ದೆ ಇದೆ? ಒಣಗಿಸ್ಕೋಬಾರದಾ, ನೆಗಡಿಯಾಗುತ್ತೆ.”

“ಜಡೆ ಎಲ್ಲಿದೆ ಅತ್ತೆ? ಕೊಟ್ಟಾಯ್ತಲ್ಲ.”

ಅತ್ತೆ ಗಾಳಿಯಲ್ಲಿ ಏನನ್ನೋ ಹಿಡಿದವರಂತೆ ಬೆರಳು ಮಡಚಿಕೊಂಡೇ ನಿಂತಿದ್ದರು. ಆಮೇಲೆ ಕೈಯನ್ನು ಮೆಲ್ಲಗೆ ಸೆರಗಿಗೆ ಒರೆಸಿಕೊಂಡರು. ಆ ರಾತ್ರಿ ಗಂಡ ಅವಳ ರವಿಕೆಯ ಹಿಂಬದಿ ಮುಟ್ಟಿ ನೋಡಿದ. ಉದ್ದಕ್ಕೆ ಒಂದು ಪಟ್ಟಿಯಂತೆ ನೆನೆದಿತ್ತು.

ಅದಾದ ಸ್ವಲ್ಪ ದಿನಕ್ಕೆ ಬಾಚುವುದು ನಿಂತಿತು. ಬದಲಿಗೆ ಕಾಲುಗಳು ತಣ್ಣಗಾಗತೊಡಗಿದವು. ಉಗಿ ಭುಸುಗುಡುವ ಯಂತ್ರದ ಮುಂದೆ ನಿಂತಿದ್ದರೂ ಅಂಗಾಲಿನಿಂದ ಚಳಿ ಏರುತ್ತಿತ್ತು. ಒಂದು ಮಧ್ಯಾಹ್ನ ಯಾರೋ ಜಡೆಯನ್ನು ಮುಷ್ಟಿಯಲ್ಲಿ ಹಿಡಿದು ಎಳೆದರು. ತಲೆ ಹಿಂದಕ್ಕೆ ವಾಲಿತು. ಬಟ್ಟೆ ಮಡಚುವವಳು ಗಾಬರಿಯಿಂದ, “ಅಯ್ಯೋ, ಕತ್ತು ಉಳುಕಿತಾ?” ಎಂದಳು. ಎಳೆತ ಬಾಗಿಲ ಕಡೆಗಿತ್ತು. ಜಡೆಯಕ್ಕ ಅತ್ತ ತಿರುಗಿ ಹೆಜ್ಜೆಯಿಟ್ಟರೆ ನೋವು ಕಡಿಮೆ, ನಿಂತರೆ ಜಾಸ್ತಿ. ಹೊಟ್ಟೆನೋವೆಂದು ಸುಳ್ಳು ಹೇಳಿ ಹೊರಟಳು.

ಬಿಸಿಲಿನಲ್ಲಿ, ಅಂಗಡಿಗಳ ಮುಂದೆ, ಶಾಲೆಯ ಕಾಂಪೌಂಡಿನ ಪಕ್ಕದಲ್ಲಿ, ಹಗ್ಗ ಕಟ್ಟಿದ ಹಸುವಿನಂತೆ ನಡೆದಳು. ತಿರುವು ತಪ್ಪಿದರೆ ಜಡೆ ಜಗ್ಗುತ್ತಿತ್ತು. ಒಂದು ಹಳೆಯ ಕಟ್ಟಡದ ಮೆಟ್ಟಿಲು ಹತ್ತಿಸಿ, ತೆರೆದೇ ಇದ್ದ ಒಂದು ಬಾಗಿಲ ಮುಂದೆ ಅದು ಅವಳನ್ನು ಬಿಟ್ಟಿತು.

ಒಳಗೆ ಎಡಗೈಯಲ್ಲಿ ಬಾಚಣಿಗೆ ಹಿಡಿದ ಹೆಂಗಸೊಬ್ಬಳು ನಿಂತಿದ್ದಳು. ಬಾಗಿಲಲ್ಲಿ ನಿಂತವಳನ್ನು ಕಂಡು ಅವಳ ಮುಖ ಬಿಳಿಚಿಕೊಂಡಿತು. “ಬೆಳಗಿಂದ ನನ್ನಕ್ಕ ‘ಅವರು ಬರ್ತಾರೆ, ಬಾಗಿಲು ತೆಗೆದಿಡು’ ಅಂತಲೇ ಇದ್ದಾಳೆ. ಜ್ವರದಲ್ಲಿ ಬಡಬಡಿಸ್ತಿದ್ದಾಳೆ ಅಂದ್ಕೊಂಡಿದ್ದೆ.”

ಮಂಚದ ಮೇಲೆ ಮಲಗಿದ್ದ ಅಕ್ಕ ಶಾಲೆಯ ಟೀಚರ್ ಆಗಿದ್ದವರು. ದೇಹದಲ್ಲಿ ಮೂಳೆ ಬಿಟ್ಟರೆ ಬೇರೇನೂ ಉಳಿದಿರಲಿಲ್ಲ. ತಲೆಯ ಮೇಲೆ ಮಾತ್ರ ದಟ್ಟ ಕಪ್ಪು ಕೂದಲು. ಅದರ ಜಡೆ ದಿಂಬಿನಿಂದಿಳಿದು ಮಂಚದಂಚಿಗೆ ತೂಗುತ್ತಿತ್ತು. ಜಡೆಯಕ್ಕ ತನ್ನ ಜಡೆಯ ಗುರುತು ಹಿಡಿದಳು.

“ಬನ್ನಿ ಜಡೆಯಕ್ಕ,” ಎಂದರು ಟೀಚರ್. “ಎಳೆದಿದ್ದು ನೋವಾಯ್ತಾ? ಬೇರೆ ದಾರಿ ಇರಲಿಲ್ಲ.”

“ನನ್ನ ಹೆಸರು ನಿಮಗೆ...”

“ಲಾಂಡ್ರಿಯಲ್ಲಿ ಕೂಗ್ತಾರಲ್ಲ, ಕೇಳಿಸುತ್ತೆ. ನಿಮ್ಮ ಮಗಳು ನಿದ್ದೇಲಿ ಹಲ್ಲು ಕಡೀತಾಳೆ. ನೀವು ಬೆನ್ನು ತಟ್ಟಿದ್ರೆ ನಿಲ್ಲಿಸ್ತಾಳೆ. ನಿಮ್ಮತ್ತೆ ಬಲು ತಮಾಷೆ.” ಟೀಚರ್ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದರು. “ಇದನ್ನ ಹಾಕ್ಕೊಂಡ ಮೊದಲನೇ ದಿನ ಹೆದರಿ ಕಿರುಚಿಕೊಂಡೆ, ಇವಳನ್ನೇ ಕೇಳಿ. ಆಮೇಲೆ ಸಂಜೆ ಯಾವಾಗ ಆಗುತ್ತೋ, ನೀವೆಲ್ಲ ಯಾವಾಗ ಊಟಕ್ಕೆ ಕೂರ್ತೀರೋ ಅಂತ ಕಾಯ್ತಿದ್ದೆ. ಈ ಮನೇಲಿ ನಾವಿಬ್ಬರೇ. ಅಷ್ಟು ಜನ ಸೇರಿ ಊಟ ಮಾಡೋ ಸದ್ದು ಕೇಳಿ ಎಷ್ಟೋ ವರ್ಷ ಆಗಿತ್ತು.”

ಜಡೆಯಕ್ಕ ಸೆರಗನ್ನು ಬಿಗಿಯಾಗಿ ಹೊದ್ದುಕೊಂಡಳು. ತನ್ನ ಮನೆಯ ಜಗಳ, ಪಿಸುಮಾತು, ಗಂಡನ ನರಳಾಟ ಎಲ್ಲವೂ ಈ ಮಂಚದ ಮೇಲೆ ಕೇಳಿಸುತ್ತಿತ್ತು! ಮೈ ಜುಮ್ಮೆಂದಿತು. ಆದರೂ ಆ ಮುಖ ನೋಡಿದರೆ ಕೋಪ ಬರಲಿಲ್ಲ.

“ಈಗ ಕಾಲು ತಣ್ಣಗಾಗ್ತಿದೆ,” ಎಂದರು ಟೀಚರ್. “ನಿಮ್ಮದೂ ಅಲ್ವಾ?”

ಜಡೆಯಕ್ಕ ಹೌದೆಂದು ತಲೆಯಾಡಿಸಿದಳು.

“ಅದಕ್ಕೇ ಕರೆದೆ. ನಾನು ಹೋಗೋ ಕಡೆ ನೀವು ಬರಬಾರದು. ಇದನ್ನ ತಗೊಂಡು ಹೋಗಿ.”

ತಂಗಿ ಅಳುತ್ತಾ ಹೇಳಿದಳು, “ಇಷ್ಟು ದಿನ ನಾನೇ ತೊಳೆದು ಬಾಚ್ತಿದ್ದೆ. ಈಗ ತೆಗೆಯೋಕೆ ಹೋದ್ರೆ ಬರ್ತಿಲ್ಲ. ಕ್ಲಿಪ್ಪೆಲ್ಲ ಬಿಚ್ಚಿದೆ. ಎಳೆದ್ರೆ ಹಣೆಯಿಂದ ರಕ್ತ ಒಸರುತ್ತೆ. ಕೊಟ್ಟವರ ಕೈಗಾದ್ರೂ ಬರುತ್ತೇನೋ ನೋಡಿ.”

ಜಡೆಯಕ್ಕ ಮಂಚದ ಬಳಿ ಕೂತು, ಟೀಚರ್ ಹಣೆಯ ಅಂಚಿಗೆ ಬೆರಳು ತಂದಳು. ಆಗ ಟೀಚರ್ ಕಣ್ಣು ಎದುರುಗೋಡೆಯ ಕನ್ನಡಿಯ ಕಡೆ ಹೋಗಿ ಬಂದದ್ದನ್ನು ಕಂಡಳು. ತಾವಾಗಿ ಕೊಡುತ್ತೇನೆಂದವರ ಕಣ್ಣಲ್ಲಿ ಅಷ್ಟು ಆಸೆಯಿತ್ತು. ಬೆರಳು ಅಲ್ಲೇ ನಿಂತಿತು.

“ಇನ್ನೊಂದು ಗಳಿಗೆ ಇರಲಿ ಬಿಡಿ,” ಎಂದು ತಂಗಿಯ ಕೈಯಿಂದ ಬಾಚಣಿಗೆ ತೆಗೆದುಕೊಂಡಳು.

ಜಡೆ ಬಿಚ್ಚಿ ಬಾಚಿದಳು. ಬಾಚಿದಷ್ಟೂ ತನ್ನದೇ ನೆತ್ತಿಯಲ್ಲಿ ಹಲ್ಲುಗಳು ಹರಿದವು. ಚಳಿ ಮೊಣಕಾಲಿಗೆ ಏರಿತು, ತೊಡೆಗೆ ಏರಿತು, ಸೊಂಟ ಮುಟ್ಟಿತು. ಮಗಳ ನೆನಪಾಗಿ ಎದ್ದು ಓಡಿಬಿಡಬೇಕೆನಿಸಿತು. ಏಳಲು ಹೋದರೆ ಕಾಲುಗಳು ತನ್ನವಲ್ಲವೆಂಬಂತೆ ಬಿದ್ದಿದ್ದವು. ಬಾಯಿ ಬಿಟ್ಟರೆ ಕೂಗು ಬರಲಿಲ್ಲ. ಕೈ ಮಾತ್ರ ಮೂರು ಎಳೆಗಳನ್ನು ಒಂದರ ಮೇಲೊಂದು ಹಾಕುತ್ತಾ ಹೆಣೆಯುತ್ತಲೇ ಇತ್ತು. ಚಳಿ ಎದೆಯ ಕೆಳಗೆ ಬಂದು ನಿಂತಾಗ ಟೀಚರ್ ಕಣ್ಣು ತೆರೆದರು.

“ಮಗು ಶಾಲೆಯಿಂದ ಬಂದಿರುತ್ತೆ,” ಎಂದರು, ತರಗತಿಯಲ್ಲಿ ಹೇಳುವ ದನಿಯಲ್ಲಿ. “ನೀವು ಮನೆಗೆ ಹೋಗಿ.”

ತಾವೇ ಕೈ ಎತ್ತಿ ಕೂದಲನ್ನು ತೆಗೆದರು. ತಂಗಿಗೆ ಬಾರದಿದ್ದದ್ದು ಟೋಪಿ ತೆಗೆದಷ್ಟು ಸಲೀಸಾಗಿ ಬಂತು. ಅದನ್ನು ಜಡೆಯಕ್ಕನ ಮಡಿಲಿಗಿಟ್ಟು, ಬೋಳುತಲೆಯನ್ನು ದಿಂಬಿಗೆ ಒರಗಿಸಿ, ಕನ್ನಡಿಯ ಕಡೆ ನೋಡದೆ ಮಗ್ಗುಲಾದರು. ತಂಗಿ ಆ ತಲೆಯ ಮೇಲೆ ಅಂಗೈಯಿಟ್ಟಳು. ಜಡೆಯಕ್ಕನ ಕಾಲಿಗೆ ಜೀವ ಬಂತು. ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದಾಗ ಒಳಗಿನಿಂದ ತಂಗಿಯ ಅಳು ಕೇಳಿಸಿತು.

ಮನೆಯಲ್ಲಿ ಎಲ್ಲವನ್ನೂ ಹೇಳಿದಳು. ಗಂಡ ವಿಗ್ ಇದ್ದ ಚೀಲವನ್ನು ಒಲೆಗೆ ಹಾಕೆಂದ. ಅತ್ತೆ, “ಬೇಡ, ಅದು ನಿನ್ನ ಹೆಂಡತಿ ಕಣೋ,” ಎಂದರು. ಅದನ್ನು ಕಪಾಟಿನಲ್ಲಿಟ್ಟು ಬಾಗಿಲು ಹಾಕಿದರೂ ಅತ್ತ ಬೆನ್ನು ಮಾಡಿ ಕೂರಲು ಯಾರಿಗೂ ಧೈರ್ಯವಾಗಲಿಲ್ಲ. ಕೊನೆಗೆ ಜಡೆಯಕ್ಕ ಚೀಲ ಹಿಡಿದು ಆಸ್ಪತ್ರೆಯ ಹಿಂದಿನ ಓಣಿಗೆ ಹೋದಳು.

“ಇದನ್ನ ಹಾಕ್ಕೊಂಡವರಿಗೆ ನಮ್ಮನೆ ಮಾತು ಕೇಳಿಸುತ್ತೆ,” ಎಂದಳು. ವಿಗ್ ಕಟ್ಟುವಾಕೆ ನಗುತ್ತಾಳೆಂದುಕೊಂಡಿದ್ದಳು.

ಅವಳು ನಗಲಿಲ್ಲ. “ಅಪರೂಪಕ್ಕೆ ಕೆಲವರು ಹಾಗೆ ಹೇಳ್ತಾರೆ. ವಾಪಸ್ ತಗೊಂಡು ಹೋದ್ರೆ ನಾನೇನೂ ಅಂದ್ಕೊಳ್ಳಲ್ಲ.”

“ಈಗ ಯಾರಾದ್ರೂ ಕಾಯ್ತಿದ್ದಾರಾ?”

“ಒಬ್ಬಳು ಕಾಲೇಜು ಹುಡುಗಿ. ಕೋಣೆ ಬಿಟ್ಟು ಹೊರಗೇ ಬರ್ತಿಲ್ವಂತೆ.”

“ಹುಷಾರಾಗ್ತಾಳಾ?”

“ಡಾಕ್ಟರು ಏನೂ ಹೇಳಿಲ್ಲ.”

ಜಡೆಯಕ್ಕ ತುಂಬ ಹೊತ್ತು ಚೀಲವನ್ನು ಎದೆಗವಚಿಕೊಂಡು ನಿಂತಿದ್ದಳು. ಮೊದಲ ಸಲ ಏನು ಕೊಡುತ್ತಿದ್ದೇನೆಂದು ಗೊತ್ತಿರಲಿಲ್ಲ. ಈಗ ಗೊತ್ತಿತ್ತು. ಚೀಲವನ್ನು ಮೇಜಿನ ಮೇಲಿಟ್ಟು, ಕೈಗೆ ಅದನ್ನು ಮತ್ತೆ ಎತ್ತಿಕೊಳ್ಳಲು ಬಿಡದೆ, ಹೊರಗೆ ನಡೆದಳು.

ಆ ಸಂಜೆ ಗಂಡನಿಗೆ ವಿಷಯ ಹೇಳಿದಾಗ ಅವನು, “ಹಾಗಾದ್ರೆ ಇನ್ಮೇಲೆ ನೆಮ್ಮದಿಯಾಗಿ ಒಂದು ಜಗಳ ಆಡೋಕೂ ಆಗಲ್ಲ ಅನ್ನು,” ಎಂದ. ಅತ್ತೆ ತಟ್ಟೆಯ ಮುಂದೆ ಕೂತು, ಖಾಲಿ ಗಾಳಿಯ ಕಡೆ ಮುಖ ಮಾಡಿ, ಆಚೆಮನೆಯ ಹುಡುಗಿಗೆ ಹೇಳುವವರಂತೆ ಸ್ವಲ್ಪ ಜೋರಾಗಿಯೇ ಅಂದರು:

“ಹೆದರ್ಕೋಬೇಡ ಕಣಮ್ಮ. ಇದು ಅನ್ನದ ತಟ್ಟೆ ಸದ್ದು, ಅಷ್ಟೇ.”